ನಮ್ಮಿಬ್ಬರ ನಡುವಿನ ಹನ್ನೊಂದು ವರ್ಷ

ನನ್ನ ಎಡಗಣ್ಣಿನ ರೆಪ್ಪೆ ಮೊದಲು ಜೋತುಬಿದ್ದದ್ದು ಯಾವಾಗ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ನನ್ನ ಪ್ರಕಾರ ಅದು ಅಮೆರಿಕದ ರಾಲಿಯಲ್ಲಿ ನಾವು ಕನ್ನಡದವರೆಲ್ಲ ಸೇರಿ ಮಾಡಿದ ಯುಗಾದಿ ಊಟದ ಸಂಜೆ, ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಾಗ. ನನ್ನ ಗಂಡನ ಪ್ರಕಾರ ಅದಕ್ಕೂ ಎಷ್ಟೋ ತಿಂಗಳ ಹಿಂದೆ, ಟೀವಿ ಮುಂದೆ. ನಾನು ತೂಕಡಿಸುತ್ತಿದ್ದೇನೆ ಅಂದುಕೊಂಡು ಅವರು ಚಾನೆಲ್ ಬದಲಾಯಿಸಿದರಂತೆ. ಮಗಳು ಸ್ಮಿತಾಳನ್ನು ಕೇಳಿದರೆ ನನ್ನ ಕಣ್ಣು ಯಾವಾಗಲೂ ಹಾಗೇ ಇತ್ತು. ಮೂರರಲ್ಲಿ ಒಂದನ್ನು ಆರಿಸಿಕೊಂಡು ಶುರು ಮಾಡಿದರೆ ಬರಹ ಸಲೀಸಾಗಿ ಓಡುತ್ತದೆ, ಗೊತ್ತು. ಆರಿಸುವುದಿಲ್ಲ. ನೆನಪು ತನಗೆ ಬೇಕಾದ ಕಡೆ ಬಾಗಿಲು ಕೊರೆದುಕೊಳ್ಳುತ್ತದೆ. ಇದನ್ನು ಓದುವವರಲ್ಲಿ ಯಾರಾದರೂ ನಿವೃತ್ತಿಯ ಹೊತ್ತಿನಲ್ಲಿ, ಮನೆಯಲ್ಲೊಂದು ಕಾಯಿಲೆ ಇಟ್ಟುಕೊಂಡು, ಇನ್ಶೂರೆನ್ಸ್ ಯಾವುದು ಅಂತ ಒಬ್ಬರೇ ತಲೆಕೆಡಿಸಿಕೊಂಡು ಕೂತಿದ್ದರೆ ಅವರಿಗೆ ಬೇಕಾಗಿರುವುದು ಸಲೀಸಾದ ಕಥೆಯಲ್ಲ.

ಬೆಳಿಗ್ಗೆ ನಾನು ಸರಿಯಾಗಿರುತ್ತಿದ್ದೆ. ಅದೇ ತೊಂದರೆ. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುತ್ತಿದ್ದುದೂ ಬೆಳಿಗ್ಗೆಯೇ. ಎದ್ದು, ತಲೆ ಬಾಚಿಕೊಂಡು, ಚೆನ್ನಾಗಿ ಮಾತಾಡಿಕೊಂಡು ಹೋಗಿ ಅವರ ಮುಂದೆ ಕೂತು, ಸಂಜೆಯಾದರೆ ಚಪಾತಿ ಅಗಿಯಲು ಆಗುವುದಿಲ್ಲ, ಕೈ ಎತ್ತಿದರೆ ಬಾಚಣಿಗೆ ಜಾರಿಬೀಳುತ್ತದೆ, ಒಂದು ಚಂದ್ರ ಎರಡಾಗಿ ಕಾಣುತ್ತದೆ ಅನ್ನುತ್ತಿದ್ದೆ. ಅವರು ನನ್ನ ಎರಡೂ ಕಣ್ಣನ್ನು ನೋಡುತ್ತಿದ್ದರು. ಎರಡೂ ಅಗಲವಾಗಿ ತೆರೆದಿರುತ್ತಿದ್ದವು. ಒಬ್ಬರು ಥೈರಾಯ್ಡ್ ಅಂದರು, ಇನ್ನೊಬ್ಬರು ಮುಟ್ಟು ನಿಲ್ಲುವ ವಯಸ್ಸು ಅಂದರು, ಮತ್ತೊಬ್ಬರು ಮನೆಯಲ್ಲಿ ಎಲ್ಲ ಸರಿ ಇದೆಯೇ ಎಂದು ಮೆಲ್ಲಗೆ ಕೇಳಿದರು. ನನ್ನ ದೇಹ ಎರಡು ಹೊತ್ತಿನಲ್ಲಿ ಎರಡು ಸಾಕ್ಷಿ ಹೇಳುತ್ತಿತ್ತು, ಜನ ಬೆಳಗಿನದನ್ನೇ ನಂಬುತ್ತಿದ್ದರು.

ಕೊನೆಗೆ ಒಬ್ಬ ನರರೋಗ ತಜ್ಞೆ ಸಿಕ್ಕರು. ಅವರಲ್ಲಿ ಜಾಗ ಸಿಕ್ಕಿದ್ದು ಮಧ್ಯಾಹ್ನದ ಕೊನೆಯ ಹೊತ್ತಿಗೆ, ಬೇರೆ ಯಾರೋ ಬರಲಿಲ್ಲ ಎಂಬ ಕಾರಣಕ್ಕೆ. ಆ ಯಾರೋ ಒಬ್ಬರಿಗೆ ನಾನು ಇವತ್ತಿಗೂ ಋಣಿ. ಕಾಯುವ ಕೋಣೆಯಲ್ಲಿ ಒಬ್ಬ ಮುದುಕ ತನ್ನ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಹಟಮಾರಿ ಮಗುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ನನ್ನನ್ನು ನೋಡಿ ನಕ್ಕ. ನಾನೂ ನಗಲು ಹೋದೆ. ತುಟಿಯ ಒಂದು ತುದಿ ಮಾತ್ರ ಮೇಲೆದ್ದಿತು. ಅವನಿಗೆ ಅದು ಅರ್ಥವಾಯಿತು ಅನ್ನಿಸಿತು.

ಆ ಡಾಕ್ಟರು, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬೇಕು, ನಿಲ್ಲಿಸದೆ ಜೋರಾಗಿ ಏನಾದರೂ ಹೇಳುತ್ತಾ ಹೋಗಿ ಅಂದರು. ಏನು ಹೇಳಲಿ ಅಂದೆ. ಏನಾದರೂ, ನಿಮ್ಮ ಭಾಷೆಯಲ್ಲೇ ಆದರೂ ಸರಿ. ನನಗೆ ತೋಚಿದ್ದು ಮಗ್ಗಿ. ಎರಡರ ಮಗ್ಗಿಯಿಂದ ಶುರು ಮಾಡಿದೆ. ಏಳರ ತನಕ ಮೈಸೂರಿನ ನಮ್ಮ ಪ್ರೈಮರಿ ಶಾಲೆಯ ರಾಗದಲ್ಲೇ ಬಂತು. ಹನ್ನೆರಡರ ಹತ್ತಿರ ದನಿ ಮೂಗಿಗೆ ಹೋಯಿತು. ಹದಿಮೂರರಲ್ಲಿ ನಾನು ಹೇಳುತ್ತಿರುವುದು ನನಗೇ ತಿಳಿಯಲಿಲ್ಲ. ಡಾಕ್ಟರಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ, ಆದರೂ ಎಲ್ಲಿ ಏನು ಮುರಿಯಿತು ಎಂದು ಸರಿಯಾಗಿ ಕೇಳಿಸಿಕೊಂಡರು. ಆಮೇಲೆ ಐಸಿನ ತುಂಡನ್ನು ಕೈಗವಸಿನಲ್ಲಿ ಸುತ್ತಿ ನನ್ನ ಮುಚ್ಚಿದ ರೆಪ್ಪೆಯ ಮೇಲೆ ಇಟ್ಟರು. ತೆಗೆದಾಗ ಕಣ್ಣು ತೆರೆದುಕೊಂಡಿತು. ಕೋಣೆಯ ಮೂಲೆಯಲ್ಲಿ ಕೂತಿದ್ದ ನನ್ನ ಗಂಡ ಎದ್ದು ನಿಂತುಬಿಟ್ಟರು.

ಮಯಸ್ತೇನಿಯಾ ಅಂದರು. ನರ ಹೇಳಿದ್ದು ಸ್ನಾಯುವಿಗೆ ತಲುಪದ ಕಾಯಿಲೆ. ಅದಕ್ಕಿಂತ ಹೆಚ್ಚು ವಿವರ ನಾನು ಬರೆಯುವುದಿಲ್ಲ. ಹುಡುಕಿದರೆ ಎಲ್ಲ ಸಿಗುತ್ತದೆ, ಬೇಡದ್ದೂ ಸಿಗುತ್ತದೆ. ಕಾರಿನಲ್ಲಿ ಇವರು, "ಮೂರು ಡಾಕ್ಟರಿಗೆ ಕಾಣದ್ದು ಐಸ್‌ಗೆ ಕಾಣ್ತು ನೋಡು" ಅಂದರು. ನನಗೆ ಭಯಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು. ಭಯ ಆಮೇಲೆ ಬಂತು, ನುಂಗಲು ಆಗದೆ ನೀರು ಮೂಗಿನಿಂದ ಹೊರಗೆ ಬಂದ ದಿನ.

ಹೊತ್ತುಹೊತ್ತಿಗೆ ನುಂಗುವ ಮಾತ್ರೆ, ಮುಖವನ್ನು ಉಬ್ಬಿಸಿ ಯಾರದೋ ಮುಖ ಮಾಡಿಟ್ಟ ಸ್ಟೀರಾಯ್ಡ್, ತಿಂಗಳಿಗೊಮ್ಮೆ ಆಸ್ಪತ್ರೆಯ ಒರಗುಕುರ್ಚಿಯಲ್ಲಿ ಕೂತು ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸಿಕೊಳ್ಳುವ ಔಷಧ. ಇಷ್ಟರಿಂದ ನಾನು ಮತ್ತೆ ಚಪಾತಿ ತಿಂದೆ. ಆ ಹನಿ ಔಷಧ ಎಷ್ಟು ದುಬಾರಿಯದೆಂದರೆ, ಆಸ್ಪತ್ರೆಯ ನರ್ಸು ಒಂದು ಸಲ ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ತಳದಲ್ಲಿ ಉಳಿದದ್ದನ್ನೂ ನನಗೆ ಇಳಿಸಿದಳು. ನಾವು ಕೊಡುತ್ತಿದ್ದುದು ಅಲ್ಪ ಮಾತ್ರ. ಉಳಿದದ್ದು ಇವರ ಕಂಪನಿಯ ಪಾಲಿಸಿಯಿಂದ ಹೋಗುತ್ತಿತ್ತು.

ಇನ್ನು ಇವರ ವಿಷಯ. ಮದುವೆಯಾದಾಗ ನನಗೆ ಇಪ್ಪತ್ತೊಂದು, ಇವರಿಗೆ ಮೂವತ್ತೆರಡು. ಜಾತಕ ಕೂಡಿತ್ತು, ಕೆಲಸ ಚೆನ್ನಾಗಿತ್ತು, ಹನ್ನೊಂದು ವರ್ಷವನ್ನು ಯಾರೂ ಅಂತರ ಅಂತ ಕರೆಯಲಿಲ್ಲ. ನಮ್ಮ ಪರಿಚಯದ ಜೋಡಿಗಳಲ್ಲಿ ಆರು, ಎಂಟು, ಒಂಬತ್ತು ಸಾಮಾನ್ಯ. ಈ ದೇಶದಲ್ಲಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಅರವತ್ತೈದಕ್ಕೆ ಬರುತ್ತದೆ, ತಲೆಗೊಂದರಂತೆ ಬರುತ್ತದೆ. ಗಂಡನಿಗೆ ಬಂತೆಂದು ಹೆಂಡತಿಗೆ ಬರುವುದಿಲ್ಲ. ಇವರು ಅರವತ್ತೈದಕ್ಕೆ ಕಾಲಿಟ್ಟಾಗ ನನಗೆ ಐವತ್ತನಾಲ್ಕು.

ಇವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಸೇತುವೆಗಳ ಲೆಕ್ಕ ಹಾಕುವ ಎಂಜಿನಿಯರು, ಮೆಡಿಕೇರಿನ ದಪ್ಪ ಪುಸ್ತಕವನ್ನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಓದಿದ್ದರು. ಆಸ್ಪತ್ರೆಗೆ ಯಾವ ಭಾಗ, ಡಾಕ್ಟರಿಗೆ ಯಾವ ಭಾಗ, ಅದು ಕೊಡದ್ದನ್ನು ತುಂಬಲು ಮೇಲೊಂದು ಖಾಸಗಿ ಪಾಲಿಸಿ ಬೇಕು, ಅದನ್ನು ಮೊದಲ ಆರು ತಿಂಗಳಲ್ಲೇ ತೆಗೆದುಕೊಂಡರೆ ಕಾಯಿಲೆ ಗೀಯಿಲೆ ಕೇಳುವುದಿಲ್ಲ, ಎಲ್ಲ ಬಾಯಿಪಾಠ. ಊಟಕ್ಕೆ ಬಂದವರಿಗೆಲ್ಲ ಹೇಳಿಕೊಟ್ಟರು. ತಮ್ಮದನ್ನು ಆರಿಸಿಕೊಂಡಾಯಿತು. ಮಾರ್ಚಿಗೆ ನಿವೃತ್ತಿ ಅಂತ ಆಫೀಸಿಗೆ ಬರೆದುಕೊಟ್ಟಾಯಿತು. ಅವರ ಜಾಗಕ್ಕೆ ಅಟ್ಲಾಂಟಾದಿಂದ ಒಬ್ಬನನ್ನು ಗೊತ್ತು ಮಾಡಿಯೂ ಆಯಿತು.

ನನ್ನದು ಏನು ಅಂತ ನಾನು ಕೇಳಿದೆ. ಕೇಳಿದೆ ಎಂದೇ ನನ್ನ ನೆನಪು. ಅವರು ಪುಸ್ತಕದಿಂದ ತಲೆಯೆತ್ತದೆ, "ನಿನಗೇನೇ, ಸ್ಮಿತಾ ಇದಾಳಲ್ಲ" ಅಂದರು.

ಅಮೆರಿಕದವರಿಗೆ ಈ ಮಾತು ಅರ್ಥವಾಗುವುದಿಲ್ಲ, ನಮ್ಮವರಿಗೆ ವಿವರಿಸಬೇಕಾಗಿಲ್ಲ. ಇವರು ಇಲ್ಲಿಗೆ ಬರುವ ಮುಂಚೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದರು. ಅಲ್ಲಿನ ಮೆಡಿಕಲ್ ಕಾರ್ಡಿನಲ್ಲಿ ನೌಕರ, ಹೆಂಡತಿ, ಮಕ್ಕಳ ಜೊತೆ ಅವಲಂಬಿತ ತಂದೆ ತಾಯಿಯ ಹೆಸರೂ ಇರುತ್ತಿತ್ತು. ನನ್ನ ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದು, ಸೊಂಟಕ್ಕೆ ರಾಡು ಹಾಕಿಸಿದ್ದು, ಎಲ್ಲ ಮಗನ ಕಾರ್ಡಿನಲ್ಲಿ. ಅಪ್ಪ ಅಮ್ಮ ಕುಟುಂಬ ಎನ್ನುವುದನ್ನು ಯಾರಾದರೂ ಪುಸ್ತಕದಲ್ಲಿ ಹುಡುಕಿ ನೋಡುತ್ತಾರೆಯೇ? ಮಗಳಿಗೆ ಮೇರಿಲ್ಯಾಂಡಿನಲ್ಲಿ ಒಳ್ಳೆಯ ಕೆಲಸವಿತ್ತು. ನಿವೃತ್ತಿಯಾದ ಕೂಡಲೇ ನನ್ನ ಹೆಸರನ್ನು ಅವಳ ಪಾಲಿಸಿಗೆ ಸೇರಿಸುವುದು ಎಂದು ಇವರು ವರ್ಷಗಳ ಹಿಂದೆಯೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು. ಅವಳನ್ನು ಕೇಳಿರಲಿಲ್ಲ ಅಷ್ಟೆ. ಅಮ್ಮನನ್ನು ನೋಡಿಕೊಳ್ಳುತ್ತೀಯಾ ಅಂತ ಮಗಳನ್ನು ಕೇಳುವುದು ಅವಮಾನ ಮಾಡಿದಂತೆ ಎಂದುಕೊಂಡಿದ್ದರು.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಕ್ಲಾರ್ಕ್ಸ್‌ಬರ್ಗಿನ ಅವಳ ಹೊಸ ಮನೆಗೆ ಹೋದೆವು. ಗೋಡೆಗಳಿಗೆ ಇನ್ನೂ ಬಣ್ಣದ ವಾಸನೆ. ಊಟದ ಹೊತ್ತಿಗೆ ನನ್ನ ರೆಪ್ಪೆ ಇಳಿಯತೊಡಗಿತ್ತು, ಪಲ್ಯವನ್ನು ಮಾತ್ರ ಅನ್ನದಲ್ಲಿ ಕಲಸಿಕೊಂಡು ಮೆತ್ತಗೆ ಮಾಡಿಕೊಳ್ಳುತ್ತಿದ್ದೆ. ಇವರು ಮೊಸರು ಬಡಿಸಿಕೊಳ್ಳುತ್ತಾ, ಏಪ್ರಿಲ್ ಒಂದರಿಂದ ಅಮ್ಮನನ್ನು ನಿನ್ನ ಇನ್ಶೂರೆನ್ಸಿಗೆ ಹಾಕಿಬಿಡು, ಯಾವ ಫಾರಂ ಬೇಕೋ ಕೊಡು ಅಂದರು. ಉಪ್ಪು ಈ ಕಡೆ ಕೊಡು ಅನ್ನುವ ದನಿಯಲ್ಲಿ.

ಸ್ಮಿತಾ ಐದನೇ ವಯಸ್ಸಿಗೆ ಇಲ್ಲಿಗೆ ಬಂದವಳು. ಅವಳ ಕನ್ನಡ ಆ ವಯಸ್ಸಿನಲ್ಲೇ ನಿಂತಿದೆ. ಎದುರು ಕೂತಿದ್ದ ತನ್ನ ಗಂಡನ ಮುಖ ನೋಡಿದಳು, ಆಮೇಲೆ ನನ್ನ ಮುಖ.

"ಅಪ್ಪಾ, ಹಾಗೆ ಮಾಡಕ್ಕಾಗಲ್ಲ. ಪೇರೆಂಟ್ಸ್ ಆರ್ ನಾಟ್ ಕವರ್ಡ್."

"ಯಾಕೆ? ದುಡ್ಡು ಬೇಕಾದ್ರೆ ನಾನ್ ಕಟ್ತೀನಿ."

"ದುಡ್ಡಲ್ಲ ಅಪ್ಪಾ. ಸ್ಪೌಸ್ ಮತ್ತೆ ಕಿಡ್ಸ್ ಮಾತ್ರ. ದಟ್ಸ್ ದ ಫ್ಯಾಮಿಲಿ."

"ಅಮ್ಮ ಫ್ಯಾಮಿಲಿ ಅಲ್ವಾ?"

ಅವಳು ಅತ್ತಳು. ಅಳಬಾರದಿತ್ತು, ನಿಯಮ ಅವಳದಲ್ಲ. ಆದರೆ ಅಪ್ಪ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಮುಂಚೆ ಕೇಳಿರಲಿಲ್ಲ.

ತಿದ್ದುಪಡಿ. ಇಲ್ಲಿಯ ತನಕ ಬರೆದದ್ದನ್ನು ಇವರಿಗೆ ಓದಿ ಹೇಳಿದೆ. ಸ್ಮಿತಾ ಅತ್ತಿದ್ದು ಮೇಜಿನ ಮುಂದೆ ಅಲ್ಲ, ಅಡುಗೆಮನೆಯಲ್ಲಿ, ಅದೂ ಆಮೇಲೆ ಅಂದರು. "ಅಮ್ಮ ಫ್ಯಾಮಿಲಿ ಅಲ್ವಾ" ಅಂತ ತಾನು ಕೇಳಲೇ ಇಲ್ಲ, ಅದು ನೀನು ಸೇರಿಸಿದ್ದು ಅಂದರು. ಇರಬಹುದು. ಆದರೆ ಆ ಮಾತು ಆ ಮೇಜಿನ ಮೇಲೆ ಇತ್ತು. ಯಾರ ಬಾಯಿಂದ ಬಂತು ಎಂಬುದನ್ನು ನಾನು ಆಣೆ ಮಾಡಿ ಹೇಳಲಾರೆ.

ವಾಪಸ್ಸು ಬರುವಾಗ ವರ್ಜೀನಿಯಾದಲ್ಲಿ ಎಲ್ಲೋ ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿದರು. ಇಂಜಿನ್ ಆರಿಸಲಿಲ್ಲ. ಸೋಮವಾರ ಹೋಗಿ ನೋಟಿಸ್ ವಾಪಸ್ ತಗೊಳ್ತೀನಿ ಅಂದರು. ನಿನಗೆ ಅರವತ್ತೈದಾಗುವ ತನಕ ದುಡಿಯುತ್ತೇನೆ. ಆಗ ಅವರಿಗೆ ಎಪ್ಪತ್ತಾರು. ಸೇತುವೆ ತಪಾಸಣೆಗೆ ಏಣಿ ಹತ್ತಿ ಬಂದ ದಿನ ಅವರು ಮೆಟ್ಟಿಲಲ್ಲಿ ಕೂತು ಬೂಟು ಬಿಚ್ಚುವುದನ್ನು ನಾನು ನೋಡುತ್ತಿದ್ದೆ. ಒಂದು ಬೂಟು, ಆಮೇಲೆ ಸುಮ್ಮನೆ ಕೂರುವುದು, ಆಮೇಲೆ ಇನ್ನೊಂದು.

ನಾನು ಬೇಡ ಅಂದೆ. ತ್ಯಾಗ ಎಂದು ಯಾರೂ ತಿಳಿಯಬಾರದು. ನಾನು ಲೆಕ್ಕ ಹಾಕಿದ್ದೆ.

"ರೀ, ಆ ಏಣಿ ಮೇಲೆ ನಿಮಗೇನಾದ್ರೂ ಆದ್ರೆ ನೀವೂ ಹೋಗ್ತೀರ, ನನ್ನ ಇನ್ಶೂರೆನ್ಸೂ ಹೋಗತ್ತೆ. ಎರಡನ್ನೂ ಒಂದೇ ಏಣಿ ಮೇಲೆ ಯಾಕೆ ಇಡಬೇಕು?"

"ಮತ್ತೆ ಏನ್ಮಾಡ್ತೀಯ?"

"ನಾನು ಕೆಲಸಕ್ಕೆ ಸೇರ್ತೀನಿ."

ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಗುತ್ತಿತ್ತು. ಹಿಂದಿನ ಸೀಟಿನಿಂದ ದಿಂಬು ತೆಗೆದು ನನ್ನ ಕುತ್ತಿಗೆಯ ಹಿಂದೆ ಇಟ್ಟರು, ಏಕೆಂದರೆ ಅಷ್ಟು ಹೊತ್ತಿಗೆ ನನ್ನ ತಲೆ ಎದೆಯ ಮೇಲೆ ಬೀಳುತ್ತಿತ್ತು. ಕೆಲಸಕ್ಕೆ ಸೇರುತ್ತೇನೆ ಎಂದದ್ದು ಅಂಥ ಹೆಂಗಸು.

ಬೇರೆ ದಾರಿಗಳನ್ನೂ ನೋಡಿದೆವು. ಷಾರ್ಲೆಟ್ಟಿನ ನನ್ನ ಗೆಳತಿ ವಿಮಲಾ, ಮಂಗಳೂರಿನವಳು, ಊರಿಗೆ ಹೋಗಿಬಿಡು ಮಾರಾಯ್ತಿ, ಅಲ್ಲಿ ಇದೇ ಮದ್ದು ಇಲ್ಲಿಯ ಚಿಲ್ಲರೆಗೆ ಸಿಗುತ್ತದೆ ಅಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ರಾಲಿಯಲ್ಲಿ ನನಗೆ ನನ್ನ ಸಂಜೆಯ ಮುಖ ನೋಡಿ ನಂಬಿದ ಡಾಕ್ಟರಿದ್ದರು. ಅಂಥವರನ್ನು ಹುಡುಕಲು ಎಷ್ಟು ಕಾಲ ಹಿಡಿಯಿತೆಂದು ನನಗೆ ಗೊತ್ತಿತ್ತು. ಕಂಪನಿಯ ಪಾಲಿಸಿಯನ್ನು ಇವರು ಬಿಟ್ಟ ಮೇಲೂ ಪೂರ್ತಿ ಕಂತು ನಾವೇ ಕಟ್ಟಿ ಒಂದೂವರೆ ವರ್ಷ ಮುಂದುವರಿಸಬಹುದಿತ್ತು, ಅದನ್ನು ಮಾಡಿದೆವು. ಅದರಾಚೆಗೆ ಏನು ಅಂತ ಒಬ್ಬ ಇನ್ಶೂರೆನ್ಸ್ ಏಜೆಂಟನಿಗೆ ನಾನೇ ಫೋನು ಮಾಡಿದೆ. ಕಾಯಿಲೆ ಇದ್ದವರಿಗೆ ಪಾಲಿಸಿ ನಿರಾಕರಿಸಬಾರದು ಎಂಬ ಕಾನೂನು ಆಗಿನ್ನೂ ಬಂದಿರಲಿಲ್ಲ. ಬಹಳ ಹಸನ್ಮುಖಿ, ಪ್ರತಿ ಮಾತಿಗೂ ಮ್ಯಾಮ್. ಬೀಡಿ ಸಿಗರೇಟು ಇಲ್ಲ ಅಂದಾಗ ಖುಷಿಪಟ್ಟ. ಕಾಯಿಲೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿದೆ. ದನಿಯಲ್ಲಿದ್ದ ನಗು ನಿಂತಿತು, ಮರ್ಯಾದೆ ಮಾತ್ರ ಉಳಿಯಿತು. ತೆಗೆದುಕೊಳ್ಳುವವರು ಯಾರಾದರೂ ಸಿಕ್ಕರೂ ಅವರು ಕೇಳುವ ಕಂತು ನಿಮ್ಮ ಮನೆಯ ಸಾಲದ ಕಂತಿಗಿಂತ ದೊಡ್ಡದಿರುತ್ತದೆ ಮ್ಯಾಮ್ ಅಂದ. ನಾನು ಧನ್ಯವಾದ ಹೇಳಿ ಇಟ್ಟೆ. ಅವತ್ತು ಮಧ್ಯಾಹ್ನ ಕಿಟಕಿಯ ಪರದೆಗಳನ್ನೆಲ್ಲ ಒಗೆದೆ, ಒಗೆಯಬಾರದಿತ್ತು, ಮರುದಿನ ಏಳಲಾಗಲಿಲ್ಲ.

ದೊಡ್ಡ ಉದ್ಯೋಗದಾತರು ಕೆಲಸ ಕೊಟ್ಟರೆ ಅವರ ಗುಂಪಿನ ಪಾಲಿಸಿಯಲ್ಲಿ ಕಾಯಿಲೆ ನೋಡಿ ಹೆಸರು ಬಿಡುವಂತಿಲ್ಲ. ಇವರು ಮತ್ತೊಂದು ಪುಸ್ತಕಕ್ಕೆ ಪೆನ್ಸಿಲ್ಲು ಹಿಡಿದು ಕೂತು ಅದನ್ನು ಕಂಡುಕೊಂಡರು. ಹಳೆಯ ಪಾಲಿಸಿಗೂ ಹೊಸದಕ್ಕೂ ನಡುವೆ ದೊಡ್ಡ ಬಿಡುವು ಬೀಳಬಾರದು, ಬಿದ್ದರೆ ಹಳೆಯ ಕಾಯಿಲೆಗೆ ವರ್ಷದ ತನಕ ಏನೂ ಕೊಡದಿರಬಹುದು. ಅಂದರೆ ನನಗೆ ಒಂದೂವರೆ ವರ್ಷದೊಳಗೆ ಕೆಲಸ ಬೇಕು, ಪೂರ್ಣಾವಧಿಯದು, ಸೌಲಭ್ಯಗಳಿರುವಂಥದು. ನನ್ನ ಬಳಿ ಇದ್ದದ್ದು ಮೈಸೂರಿನ ಬಿ.ಎಸ್ಸಿ., ಸ್ಮಿತಾಳ ಶಾಲೆಯ ಲೈಬ್ರರಿಯಲ್ಲಿ ಸಂಬಳವಿಲ್ಲದೆ ಪುಸ್ತಕ ಜೋಡಿಸಿದ ಕೆಲವು ವರ್ಷ, ಮತ್ತು ಬೆಳಗಿನ ಹೊತ್ತು.

ಎರಡು ಕಡೆ ಆಗಲಿಲ್ಲ. ಒಂದು ಅಂಗಡಿಯಲ್ಲಿ ನಿಂತೇ ಇರಬೇಕಿತ್ತು. ಇನ್ನೊಂದು ಆಫೀಸಿನಲ್ಲಿ ದಿನವಿಡೀ ಫೋನಿಗೆ ಉತ್ತರಿಸಬೇಕಿತ್ತು. ಹದಿಮೂರರ ಮಗ್ಗಿಗಾದ ಗತಿಯೇ ಅಲ್ಲಿ ನನ್ನ ಮಾತಿಗೂ ಆಗುತ್ತಿತ್ತು. ಮೂರನೆಯದು ನಮ್ಮ ಮನೆಯಿಂದ ದೂರವಿಲ್ಲದ ಒಂದು ಪ್ರಾಥಮಿಕ ಶಾಲೆಯ ಲೈಬ್ರರಿ ಸಹಾಯಕಿಯ ಕೆಲಸ. ಸಂದರ್ಶನ ಮಧ್ಯಾಹ್ನ ಮೂರಕ್ಕೆ ಎಂದು ಕರೆ ಬಂತು.

ಬೆಳಿಗ್ಗೆಗೆ ಬದಲಾಯಿಸಲು ಕೇಳು ಅಂತ ಇವರು. ಕಾಯಿಲೆಯ ವಿಷಯ ಏನೂ ಹೇಳಬೇಡ ಅಂತ ಫೋನಿನಲ್ಲಿ ಸ್ಮಿತಾ. "ಅಮ್ಮಾ, ದೇ ಕಾಂಟ್ ಆಸ್ಕ್. ಕೇಳೋ ಹಾಗಿಲ್ಲ ಅವರು."

"ಕೇಳಲ್ಲ ಕಣೇ, ಸರಿ. ಕಾಣತ್ತಲ್ಲ."

ಬದಲಾಯಿಸಲು ಕೇಳಲಿಲ್ಲ. ಧೈರ್ಯವೇ, ಹಟವೇ, ಅಥವಾ ಮತ್ತೆ ಫೋನು ಮಾಡುವ ಸಂಕೋಚವೇ, ಈಗ ಹೇಳಲಾರೆ. ಮೂರೂ ಸ್ವಲ್ಪಸ್ವಲ್ಪ ಇದ್ದಿರಬೇಕು. ಬೆಳಗಿನ ಮುಖ ತೋರಿಸಿ ಕೆಲಸ ತೆಗೆದುಕೊಂಡರೆ ಪ್ರತಿ ಮಧ್ಯಾಹ್ನ ಅಡಗಿಕೊಳ್ಳಬೇಕು ಎಂಬುದು ಮಾತ್ರ ಸ್ಪಷ್ಟವಿತ್ತು. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿದೆ, ಸಂದರ್ಶನದಲ್ಲಿ ಕಣ್ಣು ತೆರೆದಿರಲಿ ಎಂದು ಹೊತ್ತು ಬದಲಿಸಲಿಲ್ಲ.

ಪ್ರಿನ್ಸಿಪಾಲರು ದಪ್ಪನೆಯ, ದಣಿದ, ಮಾತು ಎಳೆಯುವ, ಅಮೆರಿಕದ ದಕ್ಷಿಣ ಸೀಮೆಯ ಹೆಂಗಸು. ಮೇಜಿನ ಮೇಲೆ ಯಾವುದೋ ಮಗುವಿನ ಒಂಟಿ ಶೂ ಇತ್ತು. ಹತ್ತು ನಿಮಿಷ ಪುಸ್ತಕ, ಮಕ್ಕಳು ಅಂತ ಮಾತಾಡುವಷ್ಟರಲ್ಲಿ ನನ್ನ ಎಡರೆಪ್ಪೆ ಇಳಿಯಿತು. ಅವರ ನೋಟ ಅಲ್ಲಿಗೆ ಹೋಗಿ, ಸಭ್ಯತೆಯಿಂದ ಬೇರೆ ಕಡೆ ಸರಿಯಿತು. ನಾನು ಮಾತು ನಿಲ್ಲಿಸಿ ಹೇಳಿದೆ: ನನಗೆ ನಿದ್ದೆ ಬಂದಿಲ್ಲ. ನನಗೊಂದು ಕಾಯಿಲೆ ಇದೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದ ತನಕ ನಾನು ಯಾರಿಗೂ ಕಡಿಮೆಯಿಲ್ಲ. ಆಮೇಲೆ ನಿಧಾನ. ಮೇಲಿನ ಕಪಾಟಿಗೆ ಕೈ ಎತ್ತಲಾರೆ. ತಿಂಗಳಿಗೊಂದು ದಿನ ಆಸ್ಪತ್ರೆಗೆ ಹೋಗಬೇಕು. ಈ ಕೆಲಸ ನನಗೆ ಬೇಕಾಗಿರುವುದೇ ಅದರ ಇನ್ಶೂರೆನ್ಸಿಗೆ. ಆದರೆ ಕೆಲಸವನ್ನು ಸರಿಯಾಗಿ ಮಾಡುತ್ತೇನೆ.

ಕೊನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ದನಿ ಮೂಗಿನಲ್ಲಿತ್ತು. ಅವರಿಗೆ ಎಷ್ಟು ಕೇಳಿಸಿತೋ.

ಅವರು ಆ ಒಂಟಿ ಶೂ ತೆಗೆದು ಪಕ್ಕಕ್ಕಿಟ್ಟರು. ಇಲ್ಲಿ ಕೆಲಸ ಮಾಡುವ ಅರ್ಧ ಜನ ಇರುವುದು ಇನ್ಶೂರೆನ್ಸಿಗೇ ಕಣ್ರೀ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ ಅಂದರು. ಆಮೇಲೆ, ಮಕ್ಕಳ ಲೈಬ್ರರಿಯಲ್ಲಿ ಮೇಲಿನ ಕಪಾಟು ನನ್ನ ಸೊಂಟಕ್ಕೆ ಬರುತ್ತದೆ, ಹೋಗಿ ನೋಡಿಕೊಂಡು ಬನ್ನಿ ಅಂದರು.

ಆಗಸ್ಟಿನಲ್ಲಿ ಸೇರಿದೆ. ಇದು ಗೆಲುವಿನ ಕಥೆ ಎಂದುಕೊಳ್ಳಬೇಡಿ. ಮೊದಲ ವಾರಗಳಲ್ಲಿ ಮನೆಗೆ ಬಂದು ಬೂಟಿನಲ್ಲೇ ಸೋಫಾದ ಮೇಲೆ ಬಿದ್ದುಕೊಳ್ಳುತ್ತಿದ್ದೆ. ಒಂದನೇ ತರಗತಿಯ ಹುಡುಗಿಯೊಬ್ಬಳು, ನಿನ್ನ ಒಂದು ಕಣ್ಣು ಯಾಕೆ ಮಲಗಿದೆ ಅಂತ ಎಲ್ಲರೆದುರು ಕೇಳಿದಳು. ಅದಕ್ಕೆ ಬೇಗ ದಣಿವಾಗುತ್ತದೆ ಅಂದೆ. ಹಾಗಾದರೆ ಅದಕ್ಕೆ ತಿಂಡಿ ಕೊಡು ಅಂದಳು. ಮನೆಯಲ್ಲಿ ನಿವೃತ್ತ ಎಂಜಿನಿಯರು ಮೊದಲ ಸಲ ಸಾರು ಮಾಡಿದರು. ಹುಣಸೆಹಣ್ಣನ್ನು ಬೀಜದ ಸಮೇತ ರುಬ್ಬಿದರು. ನಾನು ಅಗಿಯುವ ಸ್ಥಿತಿಯಲ್ಲಿ ಇರಲಿಲ್ಲವಾದ್ದರಿಂದ ನನ್ನ ಹಲ್ಲು ಉಳಿಯಿತು. ಆಮೇಲೆ ಕಲಿತರು. ಈಗ ಅವರ ಸಾರು ನನ್ನದಕ್ಕಿಂತ ಚೆನ್ನಾಗಿರುತ್ತದೆ, ಇದನ್ನು ಅವರಿಗೆ ಓದಿ ಹೇಳುವಾಗ ಈ ಸಾಲು ಬಿಡುತ್ತೇನೆ.

ಹೊಸ ಪಾಲಿಸಿಯ ಕಾರ್ಡು ಬಂತು. ಅದರಲ್ಲಿ ಮೊದಲ ಸಲ ಔಷಧ ಇಳಿಸಿಕೊಳ್ಳುವ ದಿನ ಶಾಲೆಯ ಒಂದು ಮಂಗಳವಾರಕ್ಕೆ ಬಿತ್ತು. ಮಂಗಳವಾರವೇ, ಇದರ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಕಾರ್ಡನ್ನು ಅವರು ಒಪ್ಪದಿದ್ದರೆ ಎಂದು ಒಂದು ಹೆದರಿಕೆ. ಇನ್ನೊಂದು, ಬೆಳಿಗ್ಗೆ ಶಾಲೆಗೆ ಫೋನು ಮಾಡಬೇಕಲ್ಲ ಎಂಬುದು. ಏನೆಂದು ಹೇಳುವುದು?

ಇಷ್ಟು ವರ್ಷ ಎಷ್ಟೋ ಜ್ವರ, ಎರಡು ಆಪರೇಷನ್ನು, ಆಮೇಲೆ ಈ ಕಾಯಿಲೆ, ಎಲ್ಲದರ ನಡುವೆಯೂ ನಾನು ಒಲೆ ಹಚ್ಚಿದ್ದೇನೆ, ಹಚ್ಚಲಾಗದ ದಿನ ಹಚ್ಚಲಿಲ್ಲವಲ್ಲ ಎಂದು ಮಲಗಿದಲ್ಲೇ ನೊಂದುಕೊಂಡಿದ್ದೇನೆ. ಇವರು ಎಂದೂ ಆಕ್ಷೇಪಿಸಿದವರಲ್ಲ. ಆದರೆ ರಜೆ ಎಂಬುದು ಅವರ ಆಫೀಸಿನಲ್ಲಿತ್ತು, ನಮ್ಮ ಅಡುಗೆಮನೆಯಲ್ಲಿ ಇರಲಿಲ್ಲ. ನನಗೆ ಅದನ್ನು ಕೇಳುವ ಜಾಗವೇ ಇರಲಿಲ್ಲ, ಕೊಡುವವರೂ ಇರಲಿಲ್ಲ.

ಏಳು ಗಂಟೆಗೆ ಫೋನು ಮಾಡಿದೆ. ಆಫೀಸಿನ ಹೆಂಗಸು ಎತ್ತಿಕೊಂಡಳು. ಇವರು ಬಾಗಿಲ ಬಳಿ ಕಾರಿನ ಕೀಲಿ ಹಿಡಿದು ನಿಂತಿದ್ದರು. ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ವಿವರಣೆಯನ್ನೆಲ್ಲ ಬಿಟ್ಟು ಒಂದೇ ಮಾತು ಹೇಳಿದೆ: ನನಗೆ ಹುಷಾರಿಲ್ಲ, ಇವತ್ತು ಬರುವುದಿಲ್ಲ.

ಬರೆದುಕೊಂಡೆ ಅಂದಳು ಆಕೆ. ಯಾಕೆ ಅಂತ ಕೇಳಲಿಲ್ಲ. ನಾಳೆ ಸಿಗೋಣ ಅಂದಳು.